ಆಫರ್ ಬಂತು ಅಂತ ಆ ರಾತ್ರಿಯೇ ಸಹಿ ಹಾಕಬೇಡಿ

ಜುಲೈ ಬಂತೆಂದರೆ ರಾತ್ರಿ ಹತ್ತರ ಮೇಲೆ ನನ್ನ ಫೋನ್ ಕನ್ನಡ ಮಾತಾಡಲು ಶುರು ಮಾಡುತ್ತದೆ. "ಸರ್, ಮಗಳಿಗೆ ವಾಲಿಬಾಲ್ ಕ್ಲಬ್‌ನಿಂದ ಟೀಮ್ ಸೇರೋಕೆ ಆಫರ್ ಬಂದಿದೆ. ನಾಳೆ ಸಂಜೆಯೊಳಗೆ ಹೇಳಬೇಕಂತೆ. ಏನ್ ಮಾಡೋದು ಸರ್?" ಹಿಂದೆ ಅಮ್ಮನ ದನಿ: "ಇನ್ನೊಂದು ಕ್ಲಬ್‌ದು ಇನ್ನೂ ಬಂದಿಲ್ಲ ಅಂತಾನೂ ಹೇಳ್ರೀ."

ನಾನು ಡಾಲಸ್ ಸುತ್ತಮುತ್ತ ಹುಡುಗಿಯರ ಕ್ಲಬ್ ವಾಲಿಬಾಲ್ ಕೋಚ್. ಹಾಸನದ ಕಡೆಯವನು. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಆಡಿ ಬೆಳೆದೆ. ನಮ್ಮೂರಲ್ಲಿ ಟೀಮಿಗೆ ಸೇರುವುದು ಅಂದರೆ ಸಂಜೆ ಮೈದಾನದ ಅಂಚಿಗೆ ಹೋಗಿ ನಿಲ್ಲುವುದು. ಹೊರಗೆ ಹೋದ ಚೆಂಡು ತಂದು ಕೊಡುತ್ತಿದ್ದರೆ ಒಂದಿನ ಯಾರೋ ಅಣ್ಣ "ಬಾರೋ, ಒಂದು ಆಳು ಕಮ್ಮಿ ಇದೆ" ಅಂತ ಕರೆಯುತ್ತಿದ್ದ. ಇಲ್ಲಿ ಅಮೆರಿಕದಲ್ಲಿ ಮೊದಲು ಆನ್‌ಲೈನ್ ನೋಂದಣಿ, ಆಮೇಲೆ ಬೆನ್ನಿಗೆ ನಂಬರ್, ಇಮೇಲ್, ಒಪ್ಪಂದ, ಕಂತು. ಕರೆ ಮಾಡುವ ಅಪ್ಪ ಅಮ್ಮಂದಿರು ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲೇ ತಪ್ಪು ಟೀಮಿಗೆ ಸಹಿ ಹಾಕಿ, ಮಗು ಚಳಿಗಾಲಪೂರ್ತಿ ಬೆಂಚಿನ ಮೇಲೆ ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗೆ ಮೊದಲು ಒಂದೆರಡು ಮಾತು. ಶಾಲೆಯ ಟೀಮ್ ಬೇರೆ, ಕ್ಲಬ್ ಬೇರೆ. ಟೆಕ್ಸಸ್‌ನಲ್ಲಿ ಹುಡುಗಿಯರ ಹೈಸ್ಕೂಲ್ ಸೀಸನ್ ಆಗಸ್ಟ್‌ನಲ್ಲಿ ಶುರುವಾಗಿ ನವೆಂಬರ್‌ಗೆ ಮುಗಿಯುತ್ತದೆ. ಆಮೇಲೆ ಬೇಸಿಗೆವರೆಗೂ ಕ್ಲಬ್ಬಿನದು. ಹೆಚ್ಚಿನ ಕ್ಲಬ್‌ಗಳು ಯುಎಸ್ಎ ವಾಲಿಬಾಲ್ ಅನ್ನುವ ಸಂಸ್ಥೆಯ ಕೆಳಗೆ ಬರುತ್ತವೆ. ಅದು ದೇಶವನ್ನು 40 ರೀಜನ್‌ಗಳಾಗಿ ಹಂಚಿಕೊಂಡಿದೆ. ಟ್ರೈಔಟ್, ಅಂದರೆ ಟೀಮಿನ ಆಯ್ಕೆ, ಯಾವಾಗ, ಆಫರ್ ಹೇಗೆ ಕೊಡಬೇಕು ಅನ್ನುವುದು ರೀಜನ್‌ನಿಂದ ರೀಜನ್‌ಗೆ ಬೇರೆ. ನಮ್ಮ ನಾರ್ತ್ ಟೆಕ್ಸಸ್‌ನಲ್ಲಿ ಬೇಸಿಗೆಯಲ್ಲೇ ಟ್ರೈಔಟ್. ಎಷ್ಟೋ ಕಡೆ ಶಾಲೆಯ ಸೀಸನ್ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ. ನ್ಯೂಜೆರ್ಸಿಯ ಭಾವ ಹೇಳಿದ ತಾರೀಕು ನಂಬಿಕೊಂಡು ಇಲ್ಲಿ ಕೂರಬೇಡಿ. ವಯಸ್ಸಿನ ಲೆಕ್ಕಕ್ಕೆ ಜುಲೈ 1 ಗಡಿ. ಮಗಳ ಶಾಲೆಯ ಗೆಳತಿ 13ರ ಗುಂಪಿನಲ್ಲಿದ್ದು ನಿಮ್ಮವಳು 14ರ ಗುಂಪಿಗೆ ಬರಬಹುದು. ಹುಟ್ಟಿದ ದಿನ ನೋಡಿಯೇ ನೋಂದಣಿ ಮಾಡಿಸಿ.

ಈಗ ಟ್ರೈಔಟ್ ವಿಷಯ. ನಮ್ಮವರಲ್ಲಿ ಬಹಳ ಜನ ಇದನ್ನು ಸಿಇಟಿ ಥರ ನೋಡುತ್ತಾರೆ. ಜಿಮ್ಮಿನಲ್ಲಿ 60 ಮಕ್ಕಳು, ಕೋಚ್ ರ‍್ಯಾಂಕ್ ಕೊಡ್ತಾರೆ, ಮೇಲಿನ ಹನ್ನೆರಡು ಒಂದನೇ ಟೀಮ್, ನಂತರದ ಹನ್ನೆರಡು ಎರಡನೇ ಟೀಮ್ ಅಂತ. ಹಾಗೆ ನಡೆಯುವುದಿಲ್ಲ. ನನ್ನ ಕೈಯಲ್ಲಿರುವುದು ಸಂತೆಗೆ ಹೋಗುವಾಗ ಹಿಡಿದುಕೊಂಡ ಚೀಟಿಯಂಥದ್ದು. ಒಂದು ಟೀಮಿಗೆ 10ರಿಂದ 12 ಹುಡುಗಿಯರು. ಅದರಲ್ಲಿ ಇಬ್ಬರು ಸೆಟ್ಟರ್ ಬೇಕು. ಹೊಡೆಯುವವರಿಗೆ ಚೆಂಡು ಇಟ್ಟು ಕೊಡುವವರು, ನಮ್ಮೂರಲ್ಲಿ ಲಿಫ್ಟರ್ ಅಂತಿದ್ದೆವಲ್ಲ, ಅವರೇ. ನೆಟ್ಟಿನ ನಡುವೆ ತಡೆಯುವ ಮಿಡಲ್ ಮೂವರು. ಎರಡು ಬದಿಯಿಂದ ಹೊಡೆಯುವವರು ನಾಲ್ಕೈದು ಮಂದಿ. ಹಿಂದೆ ನಿಂತು ಚೆಂಡು ಎತ್ತುವ ಲಿಬೆರೊ ಒಬ್ಬಳು, ಅವಳ ಜೊತೆಗೆ ಇನ್ನೊಬ್ಬಳು. ಹೋದ ವರ್ಷದ ಟೀಮಿನಿಂದ ಉಳಿದುಕೊಂಡವರ ಹೆಸರು ಆ ಚೀಟಿಯಲ್ಲಿ ಮೊದಲೇ ಇರುತ್ತದೆ. ಉಳಿದ ಖಾಲಿ ಜಾಗಕ್ಕೆ ಮಾತ್ರ ನಾನು ಹುಡುಕುವುದು.

ಹೀಗಾಗಿ ಒಂದು ಸಲ ಇಡೀ ಜಿಮ್ಮಿನಲ್ಲೇ ಚೆನ್ನಾಗಿ ಪಾಸ್ ಮಾಡಿದ, ಅಂದರೆ ಬಂದ ಚೆಂಡನ್ನು ಸೆಟ್ಟರ್ ಕೈಗೆ ಸರಿಯಾಗಿ ತಲುಪಿಸಿದ ಹುಡುಗಿಯನ್ನು ನಾನು ಬಿಡಬೇಕಾಯಿತು. ಲಿಬೆರೊ ಜಾಗ ಎರಡೂ ತುಂಬಿತ್ತು. ಅವಳಿಗಿಂತ ಎಷ್ಟೋ ಕಚ್ಚಾ ಆಟದ, ಉದ್ದ ಕೈಯ ಒಬ್ಬ ಮಿಡಲ್‌ಗೆ ಆಫರ್ ಹೋಯಿತು. ನಾನು ಬಿಟ್ಟ ಹುಡುಗಿಯ ಅಪ್ಪನಿಗೆ ಇದನ್ನು ಅರ್ಥ ಮಾಡಿಸಲು ಅರ್ಧ ಗಂಟೆ ಬೇಕಾಯಿತು. ತಪ್ಪು ಅವರದ್ದಲ್ಲ. ಟ್ರೈಔಟ್‌ಗೆ ಮುಂಚೆ ಅವರಿಗೆ ಯಾರೂ ಅದನ್ನು ಹೇಳಿರಲಿಲ್ಲ. ದಯವಿಟ್ಟು ಫೀಸು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: "ಈ ವಯಸ್ಸಿನ ಟೀಮಿನಲ್ಲಿ, ನನ್ನ ಮಗಳು ಆಡೋ ಜಾಗದಲ್ಲಿ ಎಷ್ಟು ಖಾಲಿ ಇದೆ?" ಒಳ್ಳೆಯ ಕ್ಲಬ್ ನೇರವಾಗಿ ಹೇಳುತ್ತದೆ. ತಡವರಿಸಿದರೆ ಇನ್ನೊಂದು ಕ್ಲಬ್ಬಿನ ಟ್ರೈಔಟ್‌ಗೂ ಹೆಸರು ಕೊಟ್ಟಿಡಿ.

ಎತ್ತರದ ಬಗ್ಗೆ ಎಲ್ಲರೂ ಕೇಳುತ್ತಾರೆ. "ನಾವಿಬ್ರೂ ಅಷ್ಟೇನು ಉದ್ದ ಇಲ್ಲ ಸರ್, ಪ್ರಯೋಜನ ಇದೆಯಾ?" ಇದೆ. 12ರ ಒಳಗಿನ ಹುಡುಗಿಯರಿಗೆ ನೆಟ್ 7 ಅಡಿ, ಅಂದರೆ 2.13 ಮೀಟರ್. 13ರಿಂದ ಮೇಲೆ ದೊಡ್ಡವರದ್ದೇ 2.24 ಮೀಟರ್. ಹೊಡೆಯುವವರಿಗೆ ಎತ್ತರ ಬೇಕು, ಸುಳ್ಳು ಹೇಳುವುದಿಲ್ಲ. ಆದರೆ 1998ರಲ್ಲಿ ಲಿಬೆರೊ ಅನ್ನುವ ಸ್ಥಾನ ಬಂದ ಮೇಲೆ, ನೆಲದ ಹತ್ತಿರ ಚುರುಕಾಗಿ ಓಡಾಡುವವರಿಗೆ ಟೀಮಿನಲ್ಲಿ ಖಾಯಂ ಜಾಗ ಸಿಕ್ಕಿದೆ. ಸರ್ವ್ ಚೆನ್ನಾಗಿರುವ, ಪಾಸ್ ಚೆನ್ನಾಗಿರುವ ಹುಡುಗಿಯನ್ನು ಯಾವ ಕೋಚೂ ಸುಲಭವಾಗಿ ಬಿಡುವುದಿಲ್ಲ.

ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ದನಿ. ಇಬ್ಬರು ಹುಡುಗಿಯರ ನಡುವೆ ಚೆಂಡು ಬೀಳುತ್ತದೆ ಅಂದುಕೊಳ್ಳಿ. ಒಬ್ಬಳು "ಮೈನ್!" ಅಂತ ಕೂಗಿ ಒಂದು ಹೆಜ್ಜೆ ಮುಂದಿಡುತ್ತಾಳೆ. ಇನ್ನೊಬ್ಬಳು ಚೆಂಡನ್ನೂ ನೋಡುತ್ತಾಳೆ, ಪಕ್ಕದವಳನ್ನೂ ನೋಡುತ್ತಾಳೆ, ಸುಮ್ಮನಿರುತ್ತಾಳೆ. ಕೂಗಿದವಳ ಪಾಸ್ ಕೆಟ್ಟು ಹೋದರೂ ನನ್ನ ಹಾಳೆಯಲ್ಲಿ ಅವಳ ನಂಬರಿನ ಮುಂದೆ ಒಂದು ಗುರುತು ಬೀಳುತ್ತದೆ. ನಮ್ಮ ಮನೆಗಳ ಮಕ್ಕಳು ಬಹಳ ಸಲ ಎರಡನೆಯವರು. ದೊಡ್ಡವರ ಮುಂದೆ ದನಿ ಎತ್ತಬಾರದು ಅಂತ ಕಲಿಸಿ ಬೆಳೆಸಿದ್ದೇವೆ, ಅಲ್ವಾ? ಅದು ಒಳ್ಳೆಯ ಸಂಸ್ಕಾರವೇ. ಆದರೆ ಅಂಗಳದಲ್ಲಿ ಕೂಗುವುದೇ ಪಕ್ಕದವಳಿಗೆ ಕೊಡುವ ಮರ್ಯಾದೆ. ಕೂಗದಿದ್ದರೆ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ. ಟ್ರೈಔಟ್‌ಗೆ ಒಂದು ತಿಂಗಳು ಮುಂಚೆ ಮನೆ ಹಿತ್ತಲಲ್ಲಿ ಚೆಂಡು ಎಸೆಯುವಾಗ, ಪ್ರತಿ ಸಲವೂ ಕೂಗಿಯೇ ಮುಟ್ಟಬೇಕು ಅಂತ ಅಭ್ಯಾಸ ಮಾಡಿಸಿ. ಪಕ್ಕದ ಮನೆಯವರು ಏನೂ ಅಂದುಕೊಳ್ಳುವುದಿಲ್ಲ.

ತಪ್ಪು ಮಾಡಿದ ಮೇಲಿನ ಮೂರು ಸೆಕೆಂಡನ್ನೂ ನೋಡುತ್ತೇನೆ. ಚೆಂಡು ಗೋಡೆಗೆ ಹೋಗಿ ಬಡಿಯಿತು. ಅವಳು ಬಾಗಿಲ ಗಾಜಿನಾಚೆ ನಿಂತ ಅಮ್ಮನ ಮುಖ ಹುಡುಕುತ್ತಾಳೋ, ಮುಂದಿನ ಸರ್ವ್‌ಗೆ ಮೊಣಕಾಲು ಬಗ್ಗಿಸುತ್ತಾಳೋ? ಅದಕ್ಕೇ ಹೇಳುವುದು, ಮಗಳನ್ನು ಬಿಟ್ಟು ಕಾಫಿಗೆ ಹೋಗಿಬನ್ನಿ.

ಇನ್ನು ಆಫರ್. ಈ ಅಂಕಣದ ಮುಖ್ಯ ಮಾತು ಇದೇ. ಆಫರ್ ಅನ್ನುವುದು ಬಹುಮಾನವಲ್ಲ, ಒಂದು ಸೀಸನ್ನಿನ ಒಪ್ಪಂದ. ಮಗಳು ಎಷ್ಟು ಸಲ ಚೆಂಡು ಮುಟ್ಟುತ್ತಾಳೆ ಅನ್ನುವುದು ಬಹಳ ಸಲ ಅದರಲ್ಲಿ ಬರೆದಿರುವುದೇ ಇಲ್ಲ. ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ಕೆಲವು ವರ್ಷದ ಹಿಂದೆ ನಮ್ಮ ಪರಿಚಯದ ಒಂದು ಮನೆಯ ಹುಡುಗಿಗೆ ಎರಡು ಆಫರ್ ಬಂದಿತ್ತು. ಒಂದು, ದೊಡ್ಡ ಹೆಸರಿನ ಕ್ಲಬ್ಬಿನ 14ರ ಒಂದನೇ ಟೀಮು. ಇನ್ನೊಂದು, ಸಣ್ಣ ಕ್ಲಬ್ಬಿನ ಎರಡನೇ ಟೀಮು. ದೊಡ್ಡದು ಅವಳನ್ನು ಹನ್ನೆರಡನೆಯವಳಾಗಿ ಕರೆದಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಇವರೂ ಕೇಳಲಿಲ್ಲ. ಅಂಗಳದಲ್ಲಿ ಆರು ಜನ. ಹಿಂದಿನವರ ಬದಲಿಗೆ ಒಳಬಂದು ಹೋಗುವ ಲಿಬೆರೊ ಸೇರಿ ಏಳು. ಸೆಟ್ಟಿಗೆ 12 ಬದಲಾವಣೆಗೆ ಅವಕಾಶ ಇದೆ ನಿಜ, ಆದರೆ ಪಂದ್ಯ ಬಿಗಿಯಾದಾಗ ಕೋಚ್ ಅದನ್ನು ಅದೇ ಮೂರ್ನಾಲ್ಕು ಮಕ್ಕಳ ನಡುವೆ ತಿರುಗಿಸುತ್ತಾರೆ. ಮೂರು ಸೆಟ್ಟಿನ ಪಂದ್ಯ, 25 ಅಂಕ, 25 ಅಂಕ, ಬೇಕಾದರೆ ಮೂರನೆಯದು 15. ಬೇಗ ಮುಗಿದು ಹೋಗುತ್ತದೆ. ಫೆಬ್ರವರಿಯಲ್ಲಿ ನಾನು ಒಂದು ಟೂರ್ನಮೆಂಟಿನಲ್ಲಿ ಅವಳನ್ನು ನೋಡಿದೆ. ಇಲ್ಲಿ ತಮ್ಮ ಪಂದ್ಯ ಇಲ್ಲದಾಗ ಮಕ್ಕಳೇ ಬೇರೆ ಟೀಮಿನ ಪಂದ್ಯಕ್ಕೆ ಸ್ಕೋರ್ ಬರೆಯಬೇಕು, ಗೆರೆ ನೋಡಬೇಕು. ಅವಳು ಸ್ಕೋರ್ ಟೇಬಲ್ಲಿನಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದಳು. "ಹೇಗಿದೀಯಮ್ಮ?" ಅಂದೆ. "ಅಂಕಲ್, ಸ್ಕೋರ್ ಶೀಟ್ ನಾನೇ ಎಲ್ಲರಿಗಿಂತ ಚೆನ್ನಾಗಿ ಬರೀತೀನಿ" ಅಂದಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮುಂದಿನ ವರ್ಷ ಅವಳು ಟ್ರೈಔಟ್‌ಗೇ ಬರಲಿಲ್ಲ.

ಒಂದು, ಎರಡು ಅನ್ನುವ ನಂಬರು ಆ ಕ್ಲಬ್ಬಿನೊಳಗಿನ ಲೆಕ್ಕ ಮಾತ್ರ. ಒಂದು ಕ್ಲಬ್ಬಿನ ಎರಡನೇ ಟೀಮು ಇನ್ನೊಂದರ ಒಂದನೇ ಟೀಮನ್ನು ಸೋಲಿಸುವುದು ನಾವು ಪ್ರತಿ ವಾರ ನೋಡುವ ಸಂಗತಿ. ಹಾಗಾಗಿ ಆಫರ್ ಬಂದಾಗ ಕೋಚ್‌ಗೆ ಫೋನ್ ಮಾಡಿ, ಮರ್ಯಾದೆಯಿಂದ, ನೇರವಾಗಿ ಕೇಳಿ. ಅವಳನ್ನು ಯಾವ ಸ್ಥಾನಕ್ಕೆ ತಗೊಳ್ತಿದೀರಿ? ಆ ಸ್ಥಾನದಲ್ಲಿ ಇನ್ನೂ ಯಾರು ಇದ್ದಾರೆ? ಆಡಿಸುವ ಬಗ್ಗೆ ನಿಮ್ಮ ನಿಯಮ ಏನು, ಎಲ್ಲರಿಗೂ ಸಮನಾಗಿಯೋ, ಗಳಿಸಿದವರಿಗೋ? "ಗಳಿಸಿದವರಿಗೆ" ಅಂದರೆ ಅದೇನೂ ಕೆಟ್ಟ ಉತ್ತರವಲ್ಲ, ಎಷ್ಟೋ ಒಳ್ಳೆಯ ಟೀಮುಗಳು ಹಾಗೇ ನಡೆಯುತ್ತವೆ. ಗೊತ್ತಿದ್ದು ಸೇರಬೇಕು ಅಷ್ಟೆ. ವಾರಕ್ಕೆ ಎಷ್ಟು ದಿನ ಅಭ್ಯಾಸ, ಯಾವ ಜಿಮ್ಮಿನಲ್ಲಿ? ಟ್ರೈಔಟ್‌ನಲ್ಲಿ ಕಂಡ ಕೋಚೇ ಸೀಸನ್‌ಪೂರ್ತಿ ಇರುತ್ತಾರಾ? ಈ ಕೊನೆಯದನ್ನು ಮರೆಯಲೇಬೇಡಿ. ಹನ್ನೆರಡು ಹದಿಮೂರರ ಮಗುವಿಗೆ ಕ್ಲಬ್ಬಿನ ಹೆಸರಿಗಿಂತ ವಾರಕ್ಕೆ ಎರಡು ಮೂರು ಸಲ ಎದುರು ನಿಲ್ಲುವ ಆ ಒಬ್ಬ ಮನುಷ್ಯ ಮುಖ್ಯ.

ದುಡ್ಡಿನ ಮಾತೂ ಆಡೋಣ, ನಾಚಿಕೆ ಬೇಡ. ಫೀಸು ಸಾವಿರಗಟ್ಟಲೆ ಡಾಲರ್. ಅದರ ಮೇಲೆ ಪ್ರಯಾಣ. ರಾಷ್ಟ್ರೀಯ ಮಟ್ಟಕ್ಕೆ ಅರ್ಹತೆ ಪಡೆಯಲು ಆಡುವ ಕ್ವಾಲಿಫೈಯರ್‌ಗಳು ಸಾಮಾನ್ಯವಾಗಿ ಮೂರು ದಿನ. ಅಟ್ಲಾಂಟಾ, ಮಿನಿಯಾಪೊಲಿಸ್, ರೀನೊ ಅಂತ ಊರೂರು. ಅನೇಕ ಟೂರ್ನಮೆಂಟುಗಳಲ್ಲಿ ಅವರು ಹೇಳಿದ ಹೋಟೆಲ್ಲಿನಲ್ಲೇ ರೂಮ್ ಹಿಡಿಯಬೇಕು, ಸೋದರತ್ತೆ ಮನೆಯಲ್ಲಿ ಉಳಿಯುತ್ತೇವೆ ಅಂದರೆ ಸುಲಭವಾಗಿ ಒಪ್ಪುವುದಿಲ್ಲ. ಯೂನಿಫಾರ್ಮ್ ಫೀಸಿನಲ್ಲಿ ಸೇರಿದೆಯಾ, ಕೋಚ್‌ಗಳ ಪ್ರಯಾಣದ ಖರ್ಚು ನಮ್ಮ ತಲೆಗೆ ಬರುತ್ತಾ, ಮಗಳಿಗೆ ಪೆಟ್ಟಾಗಿ ಕೂತರೆ ಉಳಿದ ಕಂತು ಏನು ಮಾಡ್ತೀರಿ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

"ಕಾಲೇಜ್ ಸ್ಕಾಲರ್‌ಶಿಪ್ ಸಿಗುತ್ತಲ್ಲಾ ಸರ್" ಅನ್ನುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ. ಇಲ್ಲಿನ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ ಡಿವಿಷನ್ 1. ಆ ಕಾಲೇಜುಗಳ ಕೋಚ್‌ಗಳು ಹುಡುಗಿಯ ಜೊತೆ ನೇರವಾಗಿ ಮಾತಾಡಲು ಆಗುವುದು ಅವಳು ಹತ್ತನೇ ಕ್ಲಾಸು ಮುಗಿಸಿದ ಮೇಲೆ, ಜೂನ್ 15ರಿಂದ. ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಹನ್ನೆರಡರ ಮಗುವಿನ ಟೀಮನ್ನು ಆ ಆಸೆಯ ಮೇಲೆ ಆರಿಸಬೇಡಿ. ಅವಳಿಗೆ ಆಟ ಇಷ್ಟವಾಗಿ ಉಳಿದರೆ ಆ ದಾರಿ ಆಮೇಲೂ ತೆರೆದೇ ಇರುತ್ತದೆ.

ಗಡುವಿನ ವಿಷಯಕ್ಕೆ ಬರುತ್ತೇನೆ. ಆಫರ್ ಕೊಟ್ಟ ಮೇಲೆ ಎಷ್ಟು ಸಮಯ ಕೊಡಬೇಕು, ಯಾವ ದಿನದ ಮುಂಚೆ ಸಹಿ ಕೇಳಬಾರದು ಅನ್ನುವುದಕ್ಕೆ ರೀಜನ್‌ಗಳು ನಿಯಮ ಮಾಡಿಕೊಂಡಿವೆ. ನಿಮ್ಮ ರೀಜನ್ನಿನ ವೆಬ್‌ಸೈಟಿನಲ್ಲಿ ಟ್ರೈಔಟ್ ಪುಟವನ್ನು ಜೂನ್‌ನಲ್ಲೇ ಓದಿಕೊಳ್ಳಿ. ಜಿಮ್ಮಿನ ಬಾಗಿಲಲ್ಲೇ ಹಾಳೆ ಮುಂದೆ ಹಿಡಿದು "ಈಗಲೇ" ಅಂದರೆ, "ಮನೆಯಲ್ಲಿ ಮಾತಾಡಿ ಹೇಳ್ತೀವಿ, ಯಾವಾಗಿನವರೆಗೆ ಟೈಮ್ ಇದೆ?" ಅನ್ನಿ. ಇನ್ನೊಂದು ಕ್ಲಬ್ಬಿನ ಉತ್ತರ ಕಾಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ನಮಗೆ ಅದು ಹೊಸದಲ್ಲ. ನನಗೆ ಬೇಸರವಾಗುವುದು ಎರಡು ಕಡೆ "ಹೂಂ" ಅಂದು ಒಂದು ಕಡೆ ಫೋನ್ ಎತ್ತದಿದ್ದಾಗ. ಆ ಜಾಗಕ್ಕಾಗಿ ಇನ್ನೊಂದು ಮನೆಯಲ್ಲಿ ಒಂದು ಮಗು ಕಾಯುತ್ತಾ ಕೂತಿರುತ್ತದೆ. ಸಹಿ ಹಾಕಿದ ಮೇಲೆ ಸಾಮಾನ್ಯವಾಗಿ ಆ ಸೀಸನ್‌ಗೆ ಕ್ಲಬ್ ಬದಲಾಯಿಸಲು ಆಗುವುದಿಲ್ಲ, ಫೀಸಿನ ಹೊಣೆಯೂ ಬಿಡುವುದಿಲ್ಲ. ಬೇಡ ಅನ್ನುವುದಾದರೆ ಬೇಗ ಹೇಳಿಬಿಡಿ. ನಾಲ್ಕು ಸಾಲು ಸಾಕು. ಆ ನಾಲ್ಕು ಸಾಲನ್ನು ಮಗಳ ಕೈಯಲ್ಲೇ ಬರೆಸಿ. ನೀವೂ ಅದೇ ಇಮೇಲ್‌ನಲ್ಲಿ ಇರಬೇಕು. ಮಕ್ಕಳ ಸುರಕ್ಷತೆಗಾಗಿ ಮಾಡಿರುವ ಸೇಫ್‌ಸ್ಪೋರ್ಟ್ ನಿಯಮದ ಪ್ರಕಾರ, ಕೋಚ್ ಮತ್ತು ಮಗುವಿನ ನಡುವೆ ಹೋಗುವ ಸಂದೇಶದಲ್ಲಿ ದೊಡ್ಡವರು ಒಬ್ಬರು ಇರಲೇಬೇಕು. ಯಾವ ಕೋಚಾದರೂ ಮಗಳಿಗೆ ಒಬ್ಬಳಿಗೇ ಮೆಸೇಜ್ ಮಾಡುತ್ತಿದ್ದರೆ, ಎಷ್ಟು ದೊಡ್ಡ ಕ್ಲಬ್ಬಾದರೂ ಸರಿ, ಅಲ್ಲಿಗೆ ಕಳಿಸಬೇಡಿ.

ಆಫರೇ ಬರಲಿಲ್ಲ ಅಂದರೆ? ಆ ರಾತ್ರಿ ಕಾರಿನಲ್ಲಿ ಏನೂ ವಿಶ್ಲೇಷಣೆ ಬೇಡ. "ಹಸಿವಾಗಿದೆಯಾ?" ಅಂತ ಮಾತ್ರ ಕೇಳಿ. ಮರುದಿನದಿಂದ ನೋಡಿದರೆ ದಾರಿಗಳಿವೆ. ಕೆಲವು ಕ್ಲಬ್‌ಗಳಲ್ಲಿ ಜಾಗ ಉಳಿದಿದ್ದರೆ ಎರಡನೇ ಸುತ್ತಿನ ಟ್ರೈಔಟ್ ಇರುತ್ತದೆ. ಅಭ್ಯಾಸಕ್ಕೆ ಮಾತ್ರ ಸೇರಿಸಿಕೊಳ್ಳುವ ಟೀಮುಗಳಿವೆ. ವೈಎಂಸಿಎ, ಊರಿನ ರಿಕ್ರಿಯೇಷನ್ ಲೀಗುಗಳಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಆಟ ಸಿಗುತ್ತದೆ. ಒಂದು ವಾರ ಬಿಟ್ಟು ಮಗಳಿಂದ ಕೋಚ್‌ಗೆ ಒಂದು ಇಮೇಲ್ ಬರೆಸಿ: ನಾನು ಯಾವ ಒಂದು ವಿಷಯದ ಮೇಲೆ ಕೆಲಸ ಮಾಡಬೇಕು? "ಯಾಕೆ ತಗೊಳ್ಳಲಿಲ್ಲ" ಅಂತ ಕೇಳಿದರೆ ಕೋಚ್ ಸಮಜಾಯಿಷಿಗೆ ಇಳಿಯುತ್ತಾರೆ. ಹೀಗೆ ಕೇಳಿದರೆ ಕಲಿಸಲು ಶುರು ಮಾಡುತ್ತಾರೆ.

ಒಬ್ಬ ಹುಡುಗಿ ನನಗೆ ಹಾಗೆ ಬರೆದಿದ್ದಳು. ಬ್ಲಾಕ್ ಮಾಡಿ ಇಳಿದ ಮೇಲೆ ನಿನ್ನ ಕಾಲು ನಿಧಾನ, ಗೋಡೆ ಪಕ್ಕ ದಿನಾ ಹತ್ತು ನಿಮಿಷ ಹೀಗೆ ಮಾಡು ಅಂತ ಉತ್ತರ ಕೊಟ್ಟೆ. ಅಕ್ಟೋಬರ್‌ನಲ್ಲಿ ಅವಳಪ್ಪ ಗ್ಯಾರೇಜಿನಲ್ಲಿ ತೆಗೆದ ವಿಡಿಯೊ ಕಳಿಸಿದರು. ಗೋಡೆಯ ಮೇಲೆ ನೆಟ್ಟಿನ ಎತ್ತರಕ್ಕೆ ಅಂಟಿಸಿದ ನೀಲಿ ಟೇಪು, ಅದರ ಮೇಲೆ ಅವಳ ಎರಡು ಕೈ. ಜನವರಿಯಲ್ಲಿ ನನ್ನ ಟೀಮಿನ ಒಬ್ಬ ಮಿಡಲ್‌ಗೆ ಕಾಲು ಉಳುಕಿ ಸೀಸನ್ ಮುಗಿಯಿತು. ಅವತ್ತು ರಾತ್ರಿ ಹತ್ತರ ಮೇಲೆ ಫೋನ್ ಮಾಡಿದ್ದು ನಾನು.