ಕೂಳೆ ಬಿಟ್ಟು ಕೊಯ್ಯಿರಿ

ಶಿವಮೊಗ್ಗದ ನನ್ನ ಚರ್ಮರೋಗ ಕ್ಲಿನಿಕ್ಕಿಗೆ ಬರುವವರಲ್ಲಿ ಒಂದು ಬಗೆಯವರನ್ನು ಅವರು ಬಾಯಿ ಬಿಡುವ ಮೊದಲೇ ಗುರುತಿಸಬಲ್ಲೆ. ಒಳಗೆ ಬಂದವರು ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಿರುಗಿ ನೋಡುತ್ತಾರೆ, ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ, "ಎಂಥದೋ ಅಲರ್ಜಿ ಆಗಿದೆ ಮೇಡಂ" ಎನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ನೆಲ ನೋಡಿಕೊಂಡು "ಕೆಳಗಡೆ" ಎನ್ನುತ್ತಾರೆ. ಪರೀಕ್ಷಿಸಿದಾಗ ಕಾಣುವುದು ಹೆಚ್ಚಿನ ಸಲ ಅಲರ್ಜಿಯಲ್ಲ. ಎರಡು ಮೂರು ದಿನಗಳ ಹಿಂದೆ ಆ ಜಾಗದ ಕೂದಲನ್ನು ಬುಡಸಹಿತ ಹೆರೆದು, ಉರಿಯತೊಡಗಿದ್ದಕ್ಕೆ ಆಂಟಿಸೆಪ್ಟಿಕ್ ದ್ರಾವಣ ಸುರಿದು, ತುರಿಸತೊಡಗಿದ್ದಕ್ಕೆ ಮೆಡಿಕಲ್ ಶಾಪಿನಿಂದ ತಂದ ಯಾವುದೋ ಟ್ಯೂಬು ಹಚ್ಚಿ, ಅವರೇ ಕೈಯಾರೆ ಮಾಡಿಕೊಂಡ ಗಾಯ ಅದು.

ಕೂದಲು ತೆಗೆಯುವುದು, ಬಿಡುವುದು ಅವರವರ ಇಷ್ಟ. ಆ ವಿಷಯದಲ್ಲಿ ಬುದ್ಧಿ ಹೇಳಲು ನಾನು ಯಾರೂ ಅಲ್ಲ. ಆದರೆ "ಯಾಕೆ ಇಷ್ಟು ನುಣ್ಣಗೆ ಬೋಳಿಸಿದಿರಿ" ಎಂದು ಕೇಳಿದಾಗ ಹತ್ತಕ್ಕೆ ಎಂಟು ಮಂದಿ "ಕ್ಲೀನ್ ಆಗಿರಲಿ ಅಂತ" ಎನ್ನುವುದನ್ನು ಕೇಳಿ ಕೇಳಿ ನನ್ನ ತಾಳ್ಮೆ ಸವೆದಿದೆ. ತೊಡೆಸಂದಿನ ಕೂದಲು ಕೊಳೆಯಲ್ಲ. ಚರ್ಮಕ್ಕೆ ಚರ್ಮ ಉಜ್ಜದಂತೆ ನಡುವೆ ಹಾಸಿದ ಮೆತ್ತೆಯ ಹಾಗೆ ಅದು ಕೆಲಸ ಮಾಡುತ್ತದೆ, ಸೋಪು ನೀರಿನಿಂದ ತೊಳೆದರೆ ಅದೂ ಶುಚಿಯಾಗುತ್ತದೆ. ನುಣುಪನ್ನೇ ಶುಚಿತ್ವವೆಂದು ತಿಳಿದವರು ಬ್ಲೇಡನ್ನು ಚರ್ಮಕ್ಕೆ ಒತ್ತಿ, ಕೂದಲಿನ ಎದುರು ದಿಕ್ಕಿಗೆ ಎಳೆದು, ಕೈಯಾಡಿಸಿ ನೋಡಿ, ಎಲ್ಲೋ ಒಂದಿಷ್ಟು ಚುಚ್ಚಿದಂತಾದರೆ ಅಲ್ಲಿಗೇ ಮತ್ತೊಮ್ಮೆ ಬ್ಲೇಡು ಹಾಕುತ್ತಾರೆ. ಎಲ್ಲ ತೊಂದರೆಗೂ ಆ ಎರಡನೆಯ ಎಳೆತವೇ ಮೂಲ.

ಮಲೆನಾಡಿನವರಿಗೆ ಇದನ್ನು ನಾನು ಭತ್ತದ ಗದ್ದೆಯ ಲೆಕ್ಕದಲ್ಲಿ ಹೇಳುತ್ತೇನೆ. ಕೊಯ್ಲಿನಲ್ಲಿ ಯಾರೂ ಕತ್ತಿಯನ್ನು ಮಣ್ಣಿಗೆ ತಾಗಿಸಿ ಕೊಯ್ಯುವುದಿಲ್ಲ, ಕೂಳೆ ಬಿಟ್ಟೇ ಕೊಯ್ಯುತ್ತಾರೆ. ಚರ್ಮದ ಮೇಲೆಯೂ ಕೂಳೆ ಉಳಿಯಬೇಕು, ಭತ್ತದ ಕಾಳಿನ ದಪ್ಪದಷ್ಟು, ಅಂದರೆ ಎರಡು ಮೂರು ಮಿಲಿಮೀಟರು. ಮುಖದ ಮೇಲೆ ನಡೆಯುವ ನುಣುಪು ತೊಡೆಸಂದಿನಲ್ಲಿ ಏಕೆ ನಡೆಯುವುದಿಲ್ಲವೆಂದರೆ, ಅಲ್ಲಿಯ ಕೂದಲು ದಪ್ಪ, ಗುಂಗುರು, ಅದರ ಬೇರಿರುವ ಚೀಲವೂ ಚರ್ಮದೊಳಗೆ ಓರೆಯಾಗಿ ಕೂತಿರುತ್ತದೆ. ಇಂಥ ಕೂದಲನ್ನು ಚರ್ಮದ ಮಟ್ಟಕ್ಕೋ ಅದಕ್ಕಿಂತ ಕೆಳಗೋ ಕತ್ತರಿಸಿದರೆ ಅದರ ತುದಿ ಲೇಖನಿಯ ಮೊನೆಯಂತೆ ಚೂಪಾಗುತ್ತದೆ. ಮತ್ತೆ ಬೆಳೆಯುವಾಗ ಆ ಮೊನೆ ಹೊರದಾರಿ ಹಿಡಿಯದೆ ಚೀಲದ ಗೋಡೆಯನ್ನೇ ಚುಚ್ಚಿಕೊಂಡು ಪಕ್ಕದ ಚರ್ಮದೊಳಗೆ ನುಗ್ಗುತ್ತದೆ, ಇಲ್ಲವೇ ಹೊರಗೆ ಬಂದು ಬಾಗಿ ಪಕ್ಕದಲ್ಲೇ ಮತ್ತೆ ಒಳಹೊಕ್ಕುತ್ತದೆ. ಒಳಹೊಕ್ಕ ಕೂದಲನ್ನು ದೇಹ ಕಾಲಿಗೆ ಚುಚ್ಚಿದ ಮುಳ್ಳಿನಂತೆಯೇ ಕಾಣುತ್ತದೆ. ಊದಿಕೊಳ್ಳುವುದು, ಕೆಂಪಾಗುವುದು, ಕೀವು ಕಟ್ಟುವುದು ಎಲ್ಲ ಅದರಿಂದಲೇ. 1971ರಲ್ಲಿ ಎರಡು ಬ್ಲೇಡಿನ ರೇಜರು ಮಾರುಕಟ್ಟೆಗೆ ಬಂದಾಗ ಅದರ ಹೆಗ್ಗಳಿಕೆಯೇ ಇದಾಗಿತ್ತು: ಮೊದಲ ಬ್ಲೇಡು ಕೂದಲನ್ನು ತುಸು ಮೇಲಕ್ಕೆಳೆಯುತ್ತದೆ, ಅದು ಒಳಗೆ ಸರಿಯುವ ಮೊದಲೇ ಎರಡನೆಯದು ಕತ್ತರಿಸುತ್ತದೆ. ಗಡ್ಡಕ್ಕೆ ಹೊಗಳಿಕೆಯಾದ ಈ ಗುಣವೇ ತೊಡೆಸಂದಿಗೆ ಕಂಟಕ.

ನಂಬದವರಿಗೆ ತೋರಿಸುತ್ತೇನೆ. ದೀಪವಿರುವ ಭೂತಗನ್ನಡಿಯನ್ನು ಗುಳ್ಳೆಯ ಮೇಲಿಟ್ಟರೆ, ತೆಳುವಾದ ಚರ್ಮದ ಕೆಳಗೆ ಕಪ್ಪು ದಾರದ ಸುರುಳಿಯೊಂದು ಮಲಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಶುದ್ಧೀಕರಿಸಿದ ಸೂಜಿಯ ಮೊನೆಯಿಂದ ಆ ಸುರುಳಿಯ ಬೆನ್ನನ್ನು ಮೆಲ್ಲಗೆ ಎತ್ತಿದರೆ, ಒಂದು ತುದಿ ಸ್ಪ್ರಿಂಗಿನಂತೆ ಟಪ್ಪೆಂದು ಹೊರಗೆ ಚಿಮ್ಮುತ್ತದೆ, ಅಳೆದರೆ ಒಂದು ಸೆಂಟಿಮೀಟರಿಗೂ ಉದ್ದ. "ಅಯ್ಯೋ ಮಾರಾಯ್ತಿ, ಇಷ್ಟುದ್ದದ್ದು ಒಳಗಿತ್ತಾ!" ಎಂದು ತೀರ್ಥಹಳ್ಳಿ ಕಡೆಯ ಹೆಂಗಸೊಬ್ಬರು, ತಾವು ಮಾತಾಡುತ್ತಿರುವುದು ಡಾಕ್ಟರ ಜೊತೆ ಎಂಬುದನ್ನೇ ಮರೆತು ಉದ್ಗರಿಸಿದ್ದರು. ಇದನ್ನು ಮನೆಯಲ್ಲಿ ಸೇಫ್ಟಿ ಪಿನ್ನಿನಿಂದ ಪ್ರಯತ್ನಿಸಬೇಡಿ. ಹಾಗೆ ಕೆದಕಿಕೊಂಡು ಬಂದವರ ಕತೆ ಬೇರೆಯೇ ಇದೆ.

ಹೊಸನಗರ ಕಡೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಆಸ್ಪತ್ರೆಯ ಹುಡುಗಿಯರಿಗೆ ಮುಜುಗರವಾಗಬಾರದೆಂದು ಅವರು ಮೂರು ದಿನ ಮೊದಲೇ ಬಚ್ಚಲುಮನೆಯಲ್ಲಿ ಕನ್ನಡಕವಿಲ್ಲದೆ, ಹಳೆಯ ಬ್ಲೇಡಿನಿಂದ ಹೊಕ್ಕುಳಿನಿಂದ ತೊಡೆಯವರೆಗೆ ಬೋಳಿಸಿಕೊಂಡರು. ಶಸ್ತ್ರಚಿಕಿತ್ಸೆಯ ದಿನ ಆ ಜಾಗದ ತುಂಬ ಕೀವುಗುಳ್ಳೆ ಎದ್ದಿದ್ದನ್ನು ಕಂಡು ಸರ್ಜನ್ ಅವರನ್ನು ನನ್ನ ಬಳಿಗೆ ಅಟ್ಟಿದರು. ಮೂರು ವಾರ ತಡವಾಯಿತು. ಕೊನೆಗೆ ಆಸ್ಪತ್ರೆಯವರು ಕ್ಲಿಪ್ಪರಿನಿಂದ ಎರಡೇ ನಿಮಿಷದಲ್ಲಿ ಬೇಕಾದಷ್ಟು ಕೂದಲನ್ನು ಮಾತ್ರ ಕತ್ತರಿಸಿದರಂತೆ. "ಕೂಳೆ ಬಿಟ್ಟೇ ತೆಗೆದ್ರು ಮೇಡಂ, ನೀವು ಹೇಳಿದ ಹಾಗೆ" ಎಂದು ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಬಂದು ವರದಿ ಒಪ್ಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಶಸ್ತ್ರಚಿಕಿತ್ಸೆಗೆ ಮುನ್ನ ಕೂದಲನ್ನು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರಿನಿಂದ ಕತ್ತರಿಸಿ, ರೇಜರು ಎಂದಿಗೂ ಬೇಡ. ಶಸ್ತ್ರಚಿಕಿತ್ಸೆಗೆ ಹೋಗುವವರು ಆಸ್ಪತ್ರೆಯವರು ಹೇಳದ ಹೊರತು ಮನೆಯಲ್ಲಿ ಬ್ಲೇಡು ಮುಟ್ಟಬಾರದು.

ಹಾಗಾದರೆ ಮಾಡುವುದು ಹೇಗೆ? ಬಾಚಣಿಗೆಯಂಥ ಕವಚವಿರುವ ಟ್ರಿಮ್ಮರು ಸಾಕು. ಕವಚವನ್ನು ಮಾತ್ರ ಕಳಚಬೇಡಿ, ಸಡಿಲ ಚರ್ಮದ ಮಡಿಕೆಗಳು ಹಲ್ಲಿನ ನಡುವೆ ಸಿಕ್ಕಿ ಗಾಯವಾಗುತ್ತದೆ. ರೇಜರೇ ಬೇಕೆನ್ನುವವರು ಉದ್ದ ಕೂದಲನ್ನು ಮೊದಲು ಕತ್ತರಿಸಿಕೊಂಡು, ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸುವಾಸನೆಯಿಲ್ಲದ ಶೇವಿಂಗ್ ಕ್ರೀಮ್ ಹಚ್ಚಿ, ಒಂದೇ ಬ್ಲೇಡಿನ ರೇಜರನ್ನು ಕೂದಲು ಮಲಗುವ ದಿಕ್ಕಿಗೇ ಹಗುರವಾಗಿ ಎಳೆಯಬೇಕು. ಚರ್ಮವನ್ನು ಬಿಗಿಯಾಗಿ ಜಗ್ಗಿ ಹಿಡಿಯಬಾರದು, ಹಿಡಿದರೆ ಕೈ ಬಿಟ್ಟೊಡನೆ ಕತ್ತರಿಸಿದ ತುದಿ ಒಳಗೆ ಸೇರಿಕೊಳ್ಳುತ್ತದೆ. ಬೆಚ್ಚಗಿನ ನೀರೆಂದರೆ ನಮ್ಮವರು ಹಂಡೆಯ ಕುದಿನೀರೆಂದು ತಿಳಿಯುತ್ತಾರೆ, ಅಲ್ಲ, ಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಚ್ಚಲಿನ ಗೂಡಿನಲ್ಲಿ ಒದ್ದೆಯಾಗಿಯೇ ಬಿದ್ದಿದ್ದ ರೇಜರನ್ನು ಎಸೆದುಬಿಡಿ. ಗಂಡ ಹೆಂಡತಿ ಒಂದೇ ರೇಜರು ಬಳಸುವುದು ಬೇಡ, ನರುಲಿಯಿದ್ದರಂತೂ ಬ್ಲೇಡು ಅದನ್ನು ಸಾಲು ಹಿಡಿದು ಬಿತ್ತುತ್ತದೆ. ಬೋಳಿಸಿದರೆ ಕೂದಲು ದಪ್ಪಗಾಗಿ ಬೆಳೆಯುತ್ತದೆ ಎಂಬ ಭಯ ಬೇಡ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ ಗಡ್ಡ ಬೋಳಿಸಿದವರ ಕೂದಲನ್ನು ಪರೀಕ್ಷಿಸಿ ಅದು ಸುಳ್ಳೆಂದು ತೋರಿಸಿದ್ದಾರೆ.

ಇನ್ನು ಆ ಟ್ಯೂಬಿನ ವಿಷಯ. ಗುಳ್ಳೆ ಎದ್ದಾಗ ಅಂಗಡಿಯಿಂದ ತರುವ ಅನೇಕ ಮಿಶ್ರಣಗಳಲ್ಲಿ ಪ್ರಬಲ ಸ್ಟೀರಾಯ್ಡ್ ಇರುತ್ತದೆ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಅಳೆದಾಗ, ಮುಂದೋಳಿನ ಚರ್ಮ ಹೀರಿಕೊಳ್ಳುವ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ 42 ಪಟ್ಟು ವೃಷಣದ ಚೀಲದ ಚರ್ಮ ಹೀರಿಕೊಂಡಿತ್ತು. ಕೈಗೆ ಹಚ್ಚಿದರೆ ಏನೂ ಆಗದ ಔಷಧ ಅಲ್ಲಿ ಏನೆಲ್ಲ ಮಾಡಬಹುದೆಂದು ಇದರಿಂದ ಊಹಿಸಿ. ಎರಡು ದಿನದಲ್ಲಿ ಉರಿ ಮಾಯವಾಗುತ್ತದೆ, ಎರಡು ತಿಂಗಳಲ್ಲಿ ಚರ್ಮ ತೆಳುವಾಗಿ ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಮೂಡುತ್ತವೆ, ಆ ಗೆರೆಗಳು ಪೂರ್ತಿಯಾಗಿ ಅಳಿಯುವುದಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ ಚೀಟಿಯಿಲ್ಲದೆ ಮಾರಬಾರದೆಂದಿತು. ಆದರೂ ಚೀಟಿ ಕೇಳದ ಕೌಂಟರುಗಳು ನಮ್ಮೂರಲ್ಲೂ ಇವೆ. ಉರಿಗೆ ತಣ್ಣೀರಿನ ಒದ್ದೆ ಬಟ್ಟೆ, ಪರಿಮಳವಿಲ್ಲದ ಮಾಯಿಶ್ಚರೈಸರು, ಸಡಿಲವಾದ ಹತ್ತಿ ಬಟ್ಟೆ ಬಹುಪಾಲು ಸಾಕಾಗುತ್ತವೆ. ಪಟಿಕ, ನಿಂಬೆರಸ, ಆಫ್ಟರ್‌ಶೇವ್ ಯಾವುದೂ ಬೇಡ.

ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ಅಂಚು ಕೆಂಪಾಗಿ, ಬಳೆಯಂತೆ ಹರಡುತ್ತಾ ತುರಿಸುವ ಹುಳುಕಡ್ಡಿಯನ್ನು ಶೇವಿಂಗ್ ಗುಳ್ಳೆಯೆಂದೇ ತಿಳಿದು ಬರುವವರಿದ್ದಾರೆ. ಅದರ ಮೇಲೆ ಬ್ಲೇಡು ಎಳೆದರೆ ಶಿಲೀಂಧ್ರ ಹೊಸ ಜಾಗಕ್ಕೆ ಹರಡುತ್ತದೆ, ಸ್ಟೀರಾಯ್ಡ್ ಹಚ್ಚಿದರೆ ಅದರ ಗುರುತೇ ಸಿಗದಂತಾಗಿ ನಮಗೂ ಕಷ್ಟ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಅರೆಬರೆ ಒಣಗಿದ ಒಳ ಉಡುಪನ್ನು ಹಾಗೆಯೇ ಹಾಕಿಕೊಳ್ಳದೆ, ಅಂಚುಗಳಿಗೆ ಬಿಸಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಕೊಳ್ಳಿ.

ಕೂದಲು ತೆಗೆಯುವ ಕ್ರೀಮುಗಳ ಬಗ್ಗೆ ಕೇಳುವವರಿಗೆ ಎಚ್ಚರಿಕೆಯ ಉತ್ತರವನ್ನೇ ಕೊಡುತ್ತೇನೆ. ಅವುಗಳಲ್ಲಿರುವ ಥಯೋಗ್ಲೈಕೊಲೇಟ್ ಬಲವಾದ ಕ್ಷಾರದ ನೆರವಿನಿಂದ ಕೂದಲಿನ ಕೆರಾಟಿನ್ ಎಂಬ ಪ್ರೋಟೀನನ್ನು ಕರಗಿಸುತ್ತದೆ, ಚರ್ಮದ ಮೇಲ್ಪದರವೂ ಅದೇ ಕೆರಾಟಿನ್ನಿನದು. ಕೈಯ ಒಳಭಾಗಕ್ಕೆ ಒಂದು ದಿನ ಮೊದಲು ಪರೀಕ್ಷಿಸಿ, ಹೊರಮೈಗೆ ಮಾತ್ರ, ಪೊಟ್ಟಣದ ಮೇಲೆ ಬರೆದ ನಿಮಿಷಗಳಷ್ಟು ಮಾತ್ರ. ಒಳಗಿನ ತೇವದ ಭಾಗಕ್ಕೆ ತಾಗಬಾರದು. ವ್ಯಾಕ್ಸಿಂಗನ್ನು ಜೀವನದಲ್ಲಿ ಮೊದಲ ಸಲ ಮಾಡಿಸಿಕೊಳ್ಳುವ ದಿನ ಮದುವೆಯ ಮುನ್ನಾದಿನ ಆಗಿರಬಾರದು. ಕಳೆದ ಬೇಸಿಗೆಯಲ್ಲಿ ಹಾಗೆ ಮಾಡಿಸಿಕೊಂಡ ಮದುಮಗಳೊಬ್ಬಳು ಅರಿಶಿನ ಹಚ್ಚುವ ಹೊತ್ತಿಗೆ ನನ್ನ ಕ್ಲಿನಿಕ್ಕಿನಲ್ಲಿದ್ದಳು, ಜೊತೆಗೆ ಬಂದ ಸೋದರತ್ತೆ ಪಾರ್ಲರಿನವರನ್ನೂ ಹುಡುಗಿಯನ್ನೂ ನನ್ನನ್ನೂ ಸಮನಾಗಿ ಬೈದರು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ವ್ಯಾಕ್ಸ್ ಮಾಡಿಸಬಾರದು, ಚರ್ಮವೇ ಕಿತ್ತು ಬರಬಹುದು. ಏನು ಮಾಡಿದರೂ ಗುಳ್ಳೆ ಮರುಕಳಿಸುವವರಿಗೆ ಲೇಸರ್ ಒಂದು ದಾರಿ, ಅದಕ್ಕೂ ಹಲವು ಸಲ ಬರಬೇಕು, ಬಿಳಿ ಕೂದಲಿಗೆ ಅದು ನಾಟುವುದಿಲ್ಲ.

ಮಧುಮೇಹವಿರುವವರು ಈ ಜಾಗದಲ್ಲಿ ರೇಜರು ಬಳಸದಿರುವುದೇ ಲೇಸು. ಸಣ್ಣ ಗೀರೂ ಅವರಲ್ಲಿ ದೊಡ್ಡದಾಗಬಲ್ಲದು. ಗುಳ್ಳೆಯ ಸುತ್ತಲಿನ ಕೆಂಪು ಗಂಟೆಗಂಟೆಗೆ ಹರಡುತ್ತಿದ್ದರೆ, ಜ್ವರ ಬಂದರೆ, ನೋಟಕ್ಕೆ ಸಣ್ಣದಾಗಿ ಕಂಡರೂ ನೋವು ತಡೆಯಲಾರದಷ್ಟಿದ್ದರೆ, ನಾಚಿಕೆಯನ್ನೂ ಈ ಅಂಕಣವನ್ನೂ ಬದಿಗಿಟ್ಟು ಅದೇ ರಾತ್ರಿ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ "ಕೆಳಗಡೆ ಅಲರ್ಜಿ" ಎನ್ನಬೇಡಿ, ಎಂದು, ಎಲ್ಲಿ, ಯಾವುದರಿಂದ ಬೋಳಿಸಿದಿರೆಂದು ನೇರವಾಗಿ ಹೇಳಿ.