ಅದಿರು ಸಂಸ್ಕರಣಾ ಘಟಕದ ಯಂತ್ರ ಮುರಿದಾಗ: ಮಧ್ಯಸ್ಥಿಕೆಯಲ್ಲಿ ಕಾರಣ ಮತ್ತು ಹೊಣೆ

ಬಾಲ್ ಮಿಲ್ಲಿನ (ಉಕ್ಕಿನ ಗುಂಡುಗಳಿಂದ ಅದಿರನ್ನು ಅರೆಯುವ, ತಿರುಗುವ ಪೀಪಾಯಿ) ಸುತ್ತು ಗಿಯರಿನ, ಅಂದರೆ ಅದರ ಸುತ್ತ ಬಿಗಿದ ದೊಡ್ಡ ಹಲ್ಲುಚಕ್ರದ, ಹಲ್ಲು ಮುರಿದು ಘಟಕ ನಿಂತರೆ ಮಧ್ಯಸ್ಥಿಕೆಯಲ್ಲಿ, ಅಂದರೆ ನ್ಯಾಯಾಲಯದ ಬದಲು ಪಕ್ಷಗಳೇ ಒಪ್ಪಿಕೊಂಡ ಮಧ್ಯಸ್ಥಗಾರರ ಮಂಡಳಿಯ ಮುಂದೆ, ಎರಡು ಪ್ರಶ್ನೆಗಳು ಏಳುತ್ತವೆ. ಹಲ್ಲು ಏಕೆ ಮುರಿಯಿತು ಎಂಬುದು ಮೊದಲನೆಯದು. ಆ ಕಾರಣದಿಂದಾಗುವ ನಷ್ಟವನ್ನು ಒಪ್ಪಂದದಲ್ಲಿ ಯಾರು ಹೊತ್ತಿದ್ದರು ಎಂಬುದು ಎರಡನೆಯದು. ಮೊದಲನೆಯದಕ್ಕೆ ಲೋಹತಜ್ಞರು ಉತ್ತರಿಸುತ್ತಾರೆ, ಎರಡನೆಯದಕ್ಕೆ ಒಪ್ಪಂದದ ಷರತ್ತುಗಳು ಉತ್ತರಿಸುತ್ತವೆ. ಇವೆರಡನ್ನೂ ಬೆರೆಸಿಬಿಡುವುದು ಕಲಿಯುವವರು ಮಾತ್ರವಲ್ಲ, ಅನುಭವಿ ವಕೀಲರೂ ಮಾಡುವ ತಪ್ಪು ಎಂಬುದು ನನ್ನ ಅನಿಸಿಕೆ.

ಮೊದಲು ಕಾರಣವನ್ನು ನೋಡೋಣ. ಮುರಿದ ಮೇಲ್ಮೈಯೇ ಇಲ್ಲಿ ಮುಖ್ಯ ಸಾಕ್ಷಿ. ಒಂದರ ಪಕ್ಕ ಒಂದರಂತೆ ಅಲೆಯಾಕಾರದ ಗೆರೆಗಳು ಕಂಡರೆ ಬಿರುಕು ಬಹುಕಾಲದಿಂದ ನಿಧಾನವಾಗಿ ಬೆಳೆದಿದೆ, ಅಂದರೆ ಲೋಹ ದಣಿದು ಮುರಿದಿದೆ ಎಂದು ತಿಳಿಯಬಹುದು. ಅಂತಹ ಗೆರೆಗಳಿಲ್ಲದೆ ಇಡೀ ಮೇಲ್ಮೈ ಒರಟಾಗಿದ್ದರೆ ಒಮ್ಮೆಗೇ ಬಿದ್ದ ಅತಿಭಾರದ ಅನುಮಾನ ಹುಟ್ಟುತ್ತದೆ. ಬಿರುಕು ಹುಟ್ಟಿದ ಜಾಗವೂ ಮಾತನಾಡುತ್ತದೆ. ಮೇಲ್ಮೈಯ ಕೆಳಗಿನ ಎರಕದ ಪೊಳ್ಳಿನಿಂದ ಅದು ಹೊರಟಿದ್ದರೆ ಬೆರಳು ತಯಾರಕರ ಕಡೆ ತಿರುಗುತ್ತದೆ. ಹಲ್ಲಿನ ಒಂದೇ ತುದಿಯ ಬುಡದಿಂದ ಹೊರಟಿದ್ದರೆ ಪಿನಿಯನ್ (ಸುತ್ತು ಗಿಯರನ್ನು ತಿರುಗಿಸುವ ಚಿಕ್ಕ ಗಿಯರ್) ಮತ್ತು ಗಿಯರ್ ಸಮರೇಖೆಯಲ್ಲಿರಲಿಲ್ಲವೇ ಎಂದು ಕೇಳಬೇಕಾಗುತ್ತದೆ. ಆಗ ಪಿನಿಯನ್ನಿನ ಎರಡೂ ತುದಿಗಳ ಉಷ್ಣಾಂಶದ ದಾಖಲೆಗಳು, ಜೋಡಣೆಯ ಅಳತೆಗಳು ಮತ್ತು ಎಣ್ಣೆಯ ಮಾದರಿಗಳು ಬೇಕು. ಜೋಡಣೆ ಮಾಡಿದವರು ಗುತ್ತಿಗೆದಾರರೋ ಮಾಲೀಕರ ಸಿಬ್ಬಂದಿಯೋ ಎಂಬುದರ ಮೇಲೆ ಇಡೀ ಪ್ರಕರಣ ತಿರುಗಬಹುದು. ಈ ಸಾಕ್ಷ್ಯವೆಲ್ಲ ಬೇಗ ಹಾಳಾಗುವಂಥದ್ದು. ಮುರಿದ ತುಂಡುಗಳನ್ನು ಮತ್ತೆ ಒಂದಕ್ಕೊಂದು ಕೂಡಿಸಿ ನೋಡಿದರೆ ಗೆರೆಗಳು ಅಳಿಸಿಹೋಗುತ್ತವೆ, ತೇವಕ್ಕೆ ಬಿಟ್ಟರೆ ತುಕ್ಕು ಮುಚ್ಚುತ್ತದೆ, ನಿಯಂತ್ರಣ ವ್ಯವಸ್ಥೆಯಲ್ಲಿನ ಹಳೆಯ ದತ್ತಾಂಶದ ಮೇಲೆ ಹೊಸದು ಬಂದು ಕೂರುತ್ತದೆ. ಉತ್ಪಾದನೆ ಬೇಗ ಶುರುವಾಗಲಿ ಎಂಬ ಆತುರದಲ್ಲಿ ಗಿಯರನ್ನು ಗುಜರಿಗೆ ಹಾಕಿದ ಪಕ್ಷ ಮುಂದೆ ತನ್ನ ವಾದವನ್ನು ಸಾಬೀತುಪಡಿಸಲು ತಾನೇ ಹೆಣಗಬೇಕಾಗುತ್ತದೆ.

ಯಂತ್ರ ಮುರಿಯದೆಯೂ ವಿವಾದ ಹುಟ್ಟಬಹುದು: ಮಿಲ್ ಓಡುತ್ತದೆ, ಆದರೆ ಭರವಸೆ ಕೊಟ್ಟಷ್ಟು ಅರೆಯುವುದಿಲ್ಲ. ಆಗ ಪೂರೈಕೆದಾರರ ಸಾಮಾನ್ಯ ಉತ್ತರ, ಅದಿರು ಹೇಳಿದ್ದಕ್ಕಿಂತ ಗಟ್ಟಿಯಾಗಿದೆ ಎಂಬುದು. ಇದನ್ನು ಬಾಂಡ್ ಸೂತ್ರದಿಂದ, ಅಂದರೆ ಅದಿರನ್ನು ಅರೆಯಲು ಬೇಕಾದ ವಿದ್ಯುತ್ತನ್ನು ಅಂದಾಜು ಮಾಡುವ ಲೆಕ್ಕದಿಂದ, ಪರೀಕ್ಷಿಸಬಹುದು. ಮಿಲ್ಲಿಗೆ ಹೋಗುವ ಅದಿರಿನ ಶೇಕಡಾ 80ರಷ್ಟು 10,000 ಮೈಕ್ರಾನ್ ಜರಡಿಯನ್ನೂ, ಹೊರಬರುವುದರ ಶೇಕಡಾ 80ರಷ್ಟು 100 ಮೈಕ್ರಾನ್ ಜರಡಿಯನ್ನೂ ದಾಟುತ್ತದೆ ಎಂದುಕೊಳ್ಳಿ. ಈ ಅಳತೆಗಳಲ್ಲಿ ಟನ್ನಿಗೆ ಬೇಕಾದ ವಿದ್ಯುತ್ತು ಅದಿರಿನ ಬಾಂಡ್ ಸೂಚ್ಯಂಕದ (ಅರೆಯಲು ಅದಿರು ಎಷ್ಟು ಗಟ್ಟಿ ಎಂಬುದರ ಅಳತೆ) 0.9 ಪಟ್ಟು. ಸೂಚ್ಯಂಕ 14 ಆದರೆ 12.6 ಯೂನಿಟ್ (ಕಿಲೋವಾಟ್-ಗಂಟೆ), 17 ಆದರೆ 15.3 ಯೂನಿಟ್ ಬೇಕು. ಅರೆಯಲು 5,000 ಕಿಲೋವಾಟ್ ಶಕ್ತಿ ಸಿಗುವ ಮಿಲ್ಲು ಮೊದಲನೆಯ ಅದಿರನ್ನು ಗಂಟೆಗೆ ಸುಮಾರು 397 ಟನ್ ಅರೆದರೆ, ಎರಡನೆಯದನ್ನು 327 ಟನ್ ಮಾತ್ರ ಅರೆಯುತ್ತದೆ. ಯಂತ್ರದಲ್ಲಿ ಒಂದು ದೋಷವೂ ಇಲ್ಲದೆ ಗಂಟೆಗೆ 70 ಟನ್ ಮಾಯವಾಯಿತು! ಆದ್ದರಿಂದ ಕಾರ್ಯಕ್ಷಮತೆಯ ಖಾತರಿಯನ್ನು ಯಾವ ಗಡಸುತನದ ಅದಿರಿಗೆ ಕೊಡಲಾಗಿತ್ತು, ಪರೀಕ್ಷೆಗೆ ಕಳಿಸಿದ ಮಾದರಿ ಗಣಿಯ ಯಾವ ಭಾಗದ್ದು, ಅದನ್ನು ಆರಿಸಿದವರು ಯಾರು ಎಂಬುದನ್ನು ಮಧ್ಯಸ್ಥಗಾರರು ಮೊದಲೇ ಕೇಳುತ್ತಾರೆ.

ಕಾರಣ ತಿಳಿದ ಮಾತ್ರಕ್ಕೆ ಹೊಣೆ ತೀರ್ಮಾನವಾಗುವುದಿಲ್ಲ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಮಾನಿಸಿದ ಎಂ.ಟಿ. ಹೋಯ್‌ಗಾರ್ಡ್ ಪ್ರಕರಣವು ಸಮುದ್ರದ ಗಾಳಿಯಂತ್ರಗಳ ಅಡಿಪಾಯಕ್ಕೆ ಸಂಬಂಧಿಸಿದ್ದಾದರೂ ನಮಗೂ ಪಾಠ. ಗುತ್ತಿಗೆದಾರರು ಅಂತರರಾಷ್ಟ್ರೀಯ ಮಾನದಂಡವನ್ನು ಅನುಸರಿಸಿಯೇ ವಿನ್ಯಾಸ ಮಾಡಿದ್ದರು. ಆ ಮಾನದಂಡದ ಒಂದು ಮೌಲ್ಯವೇ ಸುಮಾರು 10 ಪಟ್ಟು ತಪ್ಪಾಗಿತ್ತು. ಆದರೂ ಒಪ್ಪಂದದ ತಾಂತ್ರಿಕ ವಿವರಗಳ ನಡುವೆ ಅಡಗಿದ್ದ 20 ವರ್ಷಗಳ ಬಾಳಿಕೆಯ ಮಾತು ಅವರನ್ನು ಕಟ್ಟಿಹಾಕಿತು. ನಿರ್ಲಕ್ಷ್ಯವಿಲ್ಲದಿದ್ದರೂ ಹೊಣೆ ಬರಬಹುದು.

ಅವಧಿಯ ವಿಷಯ ಶುಷ್ಕವಾದರೂ ಬಿಡುವಂತಿಲ್ಲ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ ಮಾದರಿ ಒಪ್ಪಂದಗಳ 1999ರ ಆವೃತ್ತಿಯಲ್ಲಿ ಗುತ್ತಿಗೆದಾರರು ಘಟನೆ ತಿಳಿದ, ಅಥವಾ ತಿಳಿಯಬೇಕಿದ್ದ, 28 ದಿನಗಳೊಳಗೆ ಹಕ್ಕು ಸಾಧನೆಯ ನೋಟಿಸ್ ಕೊಡಬೇಕಿತ್ತು. 2017ರ ಆವೃತ್ತಿ ಈ ಕಟ್ಟುಪಾಡನ್ನು ಮಾಲೀಕರಿಗೂ ವಿಸ್ತರಿಸಿತು. ಅಂತರರಾಷ್ಟ್ರೀಯ ಸರಕು ಮಾರಾಟದ 1980ರ ವಿಯೆನ್ನಾ ಒಪ್ಪಂದ ಅನ್ವಯವಾದರೆ, ದೋಷವನ್ನು ಸಮಂಜಸ ಕಾಲದಲ್ಲಿ ಮತ್ತು, ಒಪ್ಪಂದದ ಖಾತರಿ ಅವಧಿ ಬೇರೆಯಿಲ್ಲದಿದ್ದಲ್ಲಿ, ಸರಕು ಕೈಸೇರಿದ 2 ವರ್ಷಗಳೊಳಗೆ ತಿಳಿಸಲೇಬೇಕು.

ನಷ್ಟದ ಲೆಕ್ಕಕ್ಕೆ ಬಂದಾಗ 1854ರ ಹ್ಯಾಡ್ಲಿ ಪ್ರಕರಣ ನೆನಪಾಗದೆ ಇರದು. ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಹಿಟ್ಟಿನ ಗಿರಣಿಯ ಕ್ರ್ಯಾಂಕ್ ಶಾಫ್ಟ್ ಮುರಿದಿತ್ತು. ಹೊಸದಕ್ಕೆ ಮಾದರಿಯಾಗಿ ಅದನ್ನು ಒಯ್ಯಬೇಕಿದ್ದ ಸಾಗಣೆದಾರರು ತಡಮಾಡಿದರು. ನಿಂತುಹೋದ ಗಿರಣಿಗೆ ಕೈತಪ್ಪಿದ ಲಾಭದ ಹೊಣೆ ಅವರ ಮೇಲೆ ಬೀಳಲಿಲ್ಲ, ಏಕೆಂದರೆ ಅದು ಇಬ್ಬರೂ ಮುಂಗಂಡ ನಷ್ಟವಲ್ಲ ಎಂದು ನ್ಯಾಯಾಲಯ ಹೇಳಿತು. ಮಿಲ್ಲುಗಳ ಕಾನೂನು ಮಿಲ್ಲಿನಿಂದಲೇ ಹುಟ್ಟಿದ್ದು ವಿಚಿತ್ರವಾದರೂ ಒಪ್ಪುವಂತಿದೆ. ಇಂದಿನ ಪೂರೈಕೆ ಒಪ್ಪಂದಗಳಲ್ಲಿ ಕೈತಪ್ಪಿದ ಲಾಭವನ್ನು ಪರಿಹಾರದಿಂದ ಹೊರಗಿಡುವ ಷರತ್ತು ಸಾಮಾನ್ಯ. ಲೈನರ್ (ಮಿಲ್ಲಿನ ಒಳಹೊದಿಕೆ), ಪಂಪಿನ ಇಂಪೆಲ್ಲರು (ದ್ರವವನ್ನು ತಳ್ಳುವ ಚಕ್ರ) ಇಂತಹ ಸವೆಯುವ ಭಾಗಗಳೂ ಹೆಚ್ಚಾಗಿ ವಾರಂಟಿಯಿಂದ ಹೊರಗಿರುತ್ತವೆ. ಹಾಗಾಗಿ ಭಾಗವೊಂದು ಸವೆಯಿತೋ ಮುರಿಯಿತೋ ಎಂಬ ಪದದ ಜಗಳದ ಮೇಲೂ ದೊಡ್ಡ ಮೊತ್ತ ನಿಂತಿರಬಹುದು.

ವಿಚಾರಣೆಯಲ್ಲಿ ಎರಡೂ ಕಡೆಯ ತಜ್ಞರು ಮೊದಲೇ ಭೇಟಿಯಾಗಿ, ಎಲ್ಲಿ ಒಪ್ಪುತ್ತೇವೆ, ಎಲ್ಲಿ ಒಪ್ಪುವುದಿಲ್ಲ ಮತ್ತು ಏಕೆ ಎಂದು ಬರೆದು ಕೊಡುವಂತೆ ಮಂಡಳಿ ಆದೇಶಿಸಬಹುದು. ಈ ಹಂತವನ್ನು ಹಗುರವಾಗಿ ಕಾಣಬಾರದು. ವಿದೇಶಿ ಐತೀರ್ಪುಗಳ (ಮಧ್ಯಸ್ಥ ಮಂಡಳಿಯ ತೀರ್ಪುಗಳ) ಜಾರಿಗೆ ಸಂಬಂಧಿಸಿದ 1958ರ ನ್ಯೂಯಾರ್ಕ್ ಒಪ್ಪಂದ ಮತ್ತು ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗವಾದ ಅನ್ಸಿಟ್ರಾಲ್‌ನ ಮಾದರಿ ಕಾನೂನಿನಡಿ ಐತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಅಥವಾ ಅದರ ಜಾರಿಯನ್ನು ತಡೆಯುವ ಆಧಾರಗಳು ಬಹಳ ಕಿರಿದು. ಮಂಡಳಿಯು ಬಿರುಕಿನ ಮೂಲವನ್ನು ತಪ್ಪಾಗಿ ಗುರುತಿಸಿತು ಎಂಬುದು ಅವುಗಳಲ್ಲಿ ಒಂದಲ್ಲ.