ಲ್ಯಾಪ್‌ಟಾಪ್ ಆಗಾಗ ಹ್ಯಾಂಗ್ ಆಗುತ್ತದೆ, ಕಾರಣ ಗೊತ್ತಾಗುತ್ತಿಲ್ಲ: ಏನು ಮಾಡಬೇಕು?

ಓದುಗರ ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೆ ನಾಲ್ಕು ವರ್ಷವಾಗಿದೆ. ದಿನಕ್ಕೆ ಎರಡು ಮೂರು ಸಲ, ಯಾವ ಕಾರಣವೂ ಇಲ್ಲದೆ, ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತದೆ. ಕೆಲವೊಮ್ಮೆ ಅರ್ಧ ನಿಮಿಷದಲ್ಲಿ ತಾನೇ ಸರಿಹೋಗುತ್ತದೆ, ಕೆಲವೊಮ್ಮೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಗುತ್ತದೆ. ಆಂಟಿವೈರಸ್ ಹಾಕಿ ನೋಡಿದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದೆ. ಒಂದು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಹೊಸದನ್ನೇ ಕೊಳ್ಳಬೇಕೆ?

ಉತ್ತರ: ಕೊಳ್ಳುವ ವಿಚಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ; ಆದರೆ ಒಂದು ಕೆಲಸವನ್ನು ಮಾತ್ರ ಇಂದೇ ಮಾಡಿ ಮುಗಿಸಿ. ಕಳೆದುಕೊಂಡರೆ ಮತ್ತೆ ಸಿಗದ ಫೈಲುಗಳನ್ನು, ಅಂದರೆ ಮನೆಯ ಫೋಟೊಗಳು, ಅಂಕಪಟ್ಟಿಗಳು, ಲೆಕ್ಕಪತ್ರಗಳಂಥವನ್ನು, ಹೊರಗಿನ ಹಾರ್ಡ್ ಡಿಸ್ಕಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿಕೊಳ್ಳಿ. ನೀವು ಹೇಳುವ ಲಕ್ಷಣಕ್ಕೆ ಇರಬಹುದಾದ ಕಾರಣಗಳಲ್ಲಿ ಡಿಸ್ಕ್ ಕೆಡುತ್ತಿರುವುದೂ ಒಂದು. ಹಾಗೆ ಕೆಡುತ್ತಿರುವ ಡಿಸ್ಕಿನ ಮೇಲೆ ಮೊದಲು ಗಂಟೆಗಟ್ಟಲೆ ನಡೆಯುವ ‘ಚೆಕ್ ಡಿಸ್ಕ್’ ಪರೀಕ್ಷೆ ಓಡಿಸಿ, ಆಮೇಲೆ ಕಾಪಿ ಮಾಡೋಣವೆಂದುಕೊಂಡವರಿಗೆ ಕಾಪಿ ಮಾಡುವ ಅವಕಾಶವೇ ಸಿಗದೆ ಹೋಗಬಹುದು. ಬ್ಯಾಕಪ್ ಮೊದಲು, ಪರೀಕ್ಷೆ ಆಮೇಲೆ.

ಇನ್ನು ಫಾರ್ಮ್ಯಾಟ್ ವಿಷಯ. ಲ್ಯಾಪ್‌ಟಾಪ್ ನಿಧಾನವಾದರೂ, ಹ್ಯಾಂಗ್ ಆದರೂ, ಸದ್ದು ಬರದಿದ್ದರೂ ನಮ್ಮಲ್ಲಿ ಮೊದಲು ಸಿಗುವ ಸಲಹೆ ಅದೇ. ಕಾರಣ ಗೊತ್ತಿಲ್ಲದ ಹ್ಯಾಂಗಿಗೆ ಅದನ್ನು ಮೊದಲ ಮದ್ದಾಗಿ ಕೊಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ವಿಂಡೋಸ್ ತನ್ನೊಳಗೆ ನಡೆದ ತೊಂದರೆಗಳನ್ನೆಲ್ಲ ದಿನಾಂಕ, ಸಮಯ ಸಹಿತ ಬರೆದಿಟ್ಟುಕೊಂಡಿರುತ್ತದೆ; ಫಾರ್ಮ್ಯಾಟ್ ಮಾಡಿದೊಡನೆ ಆ ದಾಖಲೆಯೂ ಅಳಿಸಿಹೋಗುತ್ತದೆ. ಹೊಸದಾಗಿ ಹಾಕಿದ ವಿಂಡೋಸಿನಲ್ಲೂ ತೊಂದರೆ ಮರಳಿರುವುದರಿಂದ ದೋಷ ಬಹುಮಟ್ಟಿಗೆ ಯಂತ್ರಭಾಗದಲ್ಲಿ, ಬಯಾಸ್‌ನಲ್ಲಿ (ಆನ್ ಮಾಡಿದೊಡನೆ ವಿಂಡೋಸಿಗಿಂತ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ), ಇಲ್ಲವೇ ವಿಂಡೋಸ್ ಅಪ್‌ಡೇಟ್ ಮೂಲಕ ತಾನಾಗಿ ಮತ್ತೆ ಬಂದು ಕೂರುವ ಯಾವುದೋ ಡ್ರೈವರಿನಲ್ಲಿ (ಯಂತ್ರಭಾಗವನ್ನು ವಿಂಡೋಸಿನೊಂದಿಗೆ ಬೆಸೆಯುವ ಪ್ರೋಗ್ರಾಂ) ಇದೆ ಎಂದು ಊಹಿಸಬಹುದು. ಅಷ್ಟರಮಟ್ಟಿಗೆ ನೀವು ಕೊಟ್ಟ ಹಣ ವ್ಯರ್ಥವಾಗಿಲ್ಲ.

ಕಾರಣವಿಲ್ಲದೆ ಯಾವ ಯಂತ್ರವೂ ನಿಲ್ಲುವುದಿಲ್ಲ. ನಿಂತ ಗಳಿಗೆಯಲ್ಲಿ ನಾವು ಗಾಬರಿಯಿಂದ ಪವರ್ ಬಟನ್ ಒತ್ತಿಬಿಡುವುದರಿಂದ ಕಾರಣ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಆದ್ದರಿಂದ ಮುಂದಿನ ಸಲ ಹ್ಯಾಂಗ್ ಆದಾಗ ಒಂದು ನಿಮಿಷ ಕೈಕಟ್ಟಿ ಕುಳಿತು, ಯಾವುದು ನಿಂತಿದೆ, ಯಾವುದು ಇನ್ನೂ ನಡೆಯುತ್ತಿದೆ ಎಂಬುದನ್ನು ಗಮನಿಸಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ಹತ್ತಿ ಆರುತ್ತದೆಯೇ ನೋಡಿ. ದೀಪ ಸ್ಪಂದಿಸುತ್ತದೆ, ಮೌಸಿನ ಬಾಣವೂ ಓಡಾಡುತ್ತದೆ, ತೆರೆದಿದ್ದ ಪುಟ ಮೇಲೆ ಕೆಳಗೆ ಸರಿಯುತ್ತದೆ, ಆದರೆ ಹೊಸದಾಗಿ ಏನನ್ನು ಕ್ಲಿಕ್ ಮಾಡಿದರೂ ತೆರೆಯುವುದಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಒತ್ತಿದ್ದೆಲ್ಲ ಒಟ್ಟಿಗೇ ತೆರೆದುಕೊಳ್ಳುತ್ತದೆ ಎಂದಾದರೆ, ಪ್ರೊಸೆಸರ್ ಸರಿಯಾಗಿದ್ದು ಡಿಸ್ಕಿನಿಂದ ಬರಬೇಕಾದ ಉತ್ತರಕ್ಕಾಗಿ ಕಾಯುತ್ತಿದೆ ಎಂದರ್ಥ. ಪರದೆ ಚಿತ್ರದಂತೆ ನಿಂತಿದ್ದರೂ ಹಾಡು ಮುಂದುವರಿಯುತ್ತಿದ್ದರೆ ಸಂಶಯ ಗ್ರಾಫಿಕ್ಸ್ ಡ್ರೈವರಿನ ಮೇಲೆ ಹೋಗಬೇಕು; ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಈ ಮೂರನ್ನೂ ಹಿಡಿದು ‘ಬಿ’ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಪರದೆ ಒಮ್ಮೆ ಮಿನುಗಿ ಮರಳುತ್ತದೆ. ಕ್ಯಾಪ್ಸ್ ಲಾಕ್ ದೀಪವೂ ಅಲುಗದೆ, ಹಾಡಿನ ಒಂದೇ ತುಣುಕು ‘ಗರ್ ಗರ್’ ಎಂದು ಮರುಕಳಿಸುತ್ತಿದ್ದರೆ ಇಡೀ ವ್ಯವಸ್ಥೆಯೇ ನಿಂತಿದೆ. ಅದು ರ‍್ಯಾಮ್, ಬಯಾಸ್, ಮದರ್‌ಬೋರ್ಡ್ ಅಥವಾ ಆಳದಲ್ಲಿ ಕೆಲಸ ಮಾಡುವ ಡ್ರೈವರಿನ ದಾರಿ. ಒಂದೇ ಪ್ರೋಗ್ರಾಂ ನಿಂತು ಉಳಿದವೆಲ್ಲ ಓಡುತ್ತಿದ್ದರೆ ತೊಂದರೆ ಆ ಪ್ರೋಗ್ರಾಮಿನದು, ಲ್ಯಾಪ್‌ಟಾಪಿನದಲ್ಲ.

ಗಮನಿಸಿದ್ದನ್ನು ಒಂದು ಹಾಳೆಯಲ್ಲಿ ಸಮಯದೊಂದಿಗೆ ಬರೆದಿಡಿ. ನೆನಪನ್ನು ನಂಬಬೇಡಿ. ಎಷ್ಟು ಗಂಟೆಗೆ ನಿಂತಿತು, ಎಷ್ಟು ಹೊತ್ತು ನಿಂತಿತ್ತು, ಚಾರ್ಜರ್ ಹಾಕಿತ್ತೇ, ಲ್ಯಾಪ್‌ಟಾಪ್ ಎಲ್ಲಿಟ್ಟಿದ್ದಿರಿ, ಆಗ ಏನು ಮಾಡುತ್ತಿದ್ದಿರಿ, ಇಷ್ಟು ಸಾಕು. ನಾಲ್ಕೈದು ಸಲ ಬರೆದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ ತೆರೆದು, ‘ವಿಂಡೋಸ್ ಲಾಗ್ಸ್’ ಅಡಿಯಲ್ಲಿರುವ ‘ಸಿಸ್ಟಮ್’ ಪಟ್ಟಿಗೆ ಹೋಗಿ, ನಿಮ್ಮ ಹಾಳೆಯ ಸಮಯಗಳನ್ನು ಅದರೊಂದಿಗೆ ತಾಳೆ ನೋಡಿ. ಅಲ್ಲಿ ಕೆಂಪು, ಹಳದಿ ಗುರುತುಗಳು ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಸಾಕಷ್ಟು ಇರುತ್ತವೆ. ಅವುಗಳನ್ನು ಕಂಡು ಹೆದರಬೇಕಾಗಿಲ್ಲ. ನಿಮ್ಮ ಸಮಯಕ್ಕೆ ಹೊಂದುವವು ಮಾತ್ರ ನಿಮಗೆ ಬೇಕು.

ಆ ಪಟ್ಟಿಯ ಪ್ರತಿ ಸಾಲಿಗೂ ‘ಈವೆಂಟ್ ಐಡಿ’ ಎಂಬ ಸಂಖ್ಯೆ ಇರುತ್ತದೆ. ಇಲ್ಲಿ ಬಹಳ ಜನ ಎಡವುವುದು 41 ಎಂಬ ಸಂಖ್ಯೆಯಲ್ಲಿ. ‘ಕರ್ನಲ್ ಪವರ್ 41’ ಎಂಬ ಕೆಂಪು ಗುರುತು ಕಂಡು, ಪವರ್ ಎಂದಿದೆಯಲ್ಲ ಎಂದು ಚಾರ್ಜರ್, ಬ್ಯಾಟರಿ ಬದಲಿಸಿದವರಿದ್ದಾರೆ. ವಾಸ್ತವದಲ್ಲಿ ಅದು ನೀವು ಬಟನ್ ಒತ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದ ನಂತರ ಬರೆದದ್ದು; ಕಳೆದ ಸಲ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ, ಏಕೆ ನಿಂತಿತು ಎಂಬುದನ್ನಲ್ಲ. ಅದಕ್ಕಿಂತ ಮುಖ್ಯವಾದವು 129 ಮತ್ತು 153. ಡಿಸ್ಕಿಗೆ ಕಳಿಸಿದ ಕೋರಿಕೆಗೆ ನಿಗದಿತ ಸಮಯದೊಳಗೆ ಉತ್ತರ ಬರಲಿಲ್ಲ, ಹಾಗಾಗಿ ಅದನ್ನು ರೀಸೆಟ್ ಮಾಡಬೇಕಾಯಿತು ಎಂಬುದು 129ರ ಅರ್ಥ; ಕೋರಿಕೆಯನ್ನು ಮತ್ತೊಮ್ಮೆ ಕಳಿಸಬೇಕಾಯಿತು ಎಂಬುದು 153ರ ಅರ್ಥ. ‘ಡಿಸ್ಕ್’ ಹೆಸರಿನಲ್ಲಿ 7 ಕಂಡರೆ ಅದು ಕೆಟ್ಟ ಬ್ಲಾಕಿನ ದೂರು. ನಿಮ್ಮ ಸಮಯಗಳ ಹತ್ತಿರ ಏನೂ ಇಲ್ಲದೆ ಖಾಲಿ ಇದ್ದರೆ ಅದನ್ನೂ ಬರೆದುಕೊಳ್ಳಿ. ಈ ದಾಖಲೆ ಕೂರುವುದೂ ಅದೇ ಡಿಸ್ಕಿನ ಮೇಲೆ; ಡಿಸ್ಕೇ ಕೈಕೊಟ್ಟ ಗಳಿಗೆಯಲ್ಲಿ ಬರೆಯಲು ಜಾಗವೇ ಇರುವುದಿಲ್ಲ.

ನನ್ನ ಬಳಿ ಬಂದ ಒಂದು ಲ್ಯಾಪ್‌ಟಾಪಿನ ವಿಷಯ ಹೇಳಿದರೆ ಇದು ಸ್ಪಷ್ಟವಾಗಬಹುದು. ಅದು ಪದವಿಪೂರ್ವ ಕಾಲೇಜಿನ ಉಪನ್ಯಾಸಕಿಯೊಬ್ಬರದು. ದಿನವೂ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು. ಎರಡು ಸಲ ಫಾರ್ಮ್ಯಾಟ್ ಆಗಿತ್ತು, ಮದರ್‌ಬೋರ್ಡ್ ಹೋಗಿದೆ ಎಂಬ ಮಾತೂ ಆಗಿತ್ತು. ಹಾಳೆ ಬರೆಯಿರಿ ಎಂದಾಗ ಅವರು ಶ್ರದ್ಧೆಯಿಂದ ಆರು ದಿನದ ಲೆಕ್ಕ ಬರೆದು ತಂದರು. ಅದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಂಚಿನಲ್ಲಿ ಬರೆದಿದ್ದ ಒಂದು ಸಾಲು: ‘ಮೇಜಿನ ಮೇಲೆ ಸುಮ್ಮನೆ ಇಟ್ಟು ವಿಡಿಯೊ ನೋಡುವಾಗ ಒಮ್ಮೆಯೂ ಆಗಿಲ್ಲ, ಟೈಪ್ ಮಾಡುವಾಗಲೇ ಆಗುತ್ತದೆ.’ ಅವರ ಸಮಯಗಳಲ್ಲಿ ಮುಕ್ಕಾಲು ಪಾಲು ಲಾಗಿನ 129ಕ್ಕೆ ಸರಿಯಾಗಿ ಕೂಡಿದವು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಂ ಹಾಕಿ ಡಿಸ್ಕಿನ ಆರೋಗ್ಯದ ಪಟ್ಟಿ ನೋಡಿದರೆ, ಕೆಟ್ಟ ಜಾಗಗಳನ್ನು ಎಣಿಸುವ 05, ಸಿ5, ಸಿ6 ಮೂರೂ ಸೊನ್ನೆ. ಆದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ಸಾಗುವಾಗ ಕೆಟ್ಟ ಮಾಹಿತಿಯನ್ನು ಎಣಿಸುವ ಸಿ7 ಮಾತ್ರ 218. ಟೈಪ್ ಮಾಡುವಾಗ ಎಡ ಅಂಗೈ ಊರುವ ಜಾಗವನ್ನು ಮೆಲ್ಲಗೆ ಒತ್ತಿದೆ. ಪರದೆ ನಿಂತಿತು, ಅರ್ಧ ನಿಮಿಷದ ಮೇಲೆ ಮರಳಿತು, ಸಿ7 221 ಆಗಿತ್ತು. ಹಿಂಬದಿ ತೆಗೆದಾಗ, ಡಿಸ್ಕ್ ಇದ್ದದ್ದು ಆ ಅಂಗೈಯ ಕೆಳಗೇ; ಅದನ್ನು ಬೋರ್ಡಿಗೆ ಸೇರಿಸುವ ಕಾಗದದಷ್ಟು ತೆಳ್ಳಗಿನ ಪಟ್ಟಿ ಕೇಬಲ್ಲಿನ ಒಂದು ಮೂಲೆ ತನ್ನ ಸಾಕೆಟ್ಟಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಅದನ್ನು ಬಿಡಿಸಿ, ನೇರವಾಗಿ ಕೂರಿಸಿ, ಚಿಲಕ ಒತ್ತಿದ್ದಷ್ಟೇ ರಿಪೇರಿ. ಸಿ7 ಎಣಿಕೆ ಎಂದೂ ಕೆಳಗಿಳಿಯುವುದಿಲ್ಲ. ಅದು 221ರಲ್ಲೇ ನಿಂತದ್ದೇ ದೋಷ ಹೋಗಿದೆ ಎಂಬುದಕ್ಕೆ ಸಾಕ್ಷಿ.

ಈ ಪಟ್ಟಿ ನೋಡುವಾಗ ಒಂದು ಎಚ್ಚರಿಕೆ ಬೇಕು: ಆ ಪ್ರೋಗ್ರಾಂ ‘ರಾ ವ್ಯಾಲ್ಯೂ’ಗಳನ್ನು ಮೊದಲಿಗೆ ಹದಿನಾರರ ಎಣಿಕೆಯಲ್ಲಿ (ಅಂಕಿಗಳ ಜೊತೆ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಬರುವ ಎಣಿಕೆ) ತೋರಿಸುತ್ತದೆ, ಅದನ್ನು ಹತ್ತರ ಎಣಿಕೆಗೆ ಬದಲಿಸಿಕೊಂಡು ಓದಿ. ಸಿ7 ಸೊನ್ನೆಯಿದ್ದು 05 ಅಥವಾ ಸಿ5 ಏರುತ್ತಿದ್ದರೆ ಕೇಬಲ್ಲಿನ ಮಾತಿಲ್ಲ, ಡಿಸ್ಕೇ ಸವೆಯುತ್ತಿದೆ. ಓದಲಾಗದ ಜಾಗವನ್ನು ಅದು ಮತ್ತೆ ಮತ್ತೆ ಓದಲು ಹೆಣಗುತ್ತಿರುವ ಹೊತ್ತೇ ನಿಮಗೆ ಹ್ಯಾಂಗ್ ಆಗಿ ಕಾಣುತ್ತದೆ. ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ. ಹೊಸ ಲ್ಯಾಪ್‌ಟಾಪುಗಳ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಿರುವ ವೇಗದ ಡಿಸ್ಕುಗಳು) ಈ ಸಂಖ್ಯೆಗಳಿರುವುದಿಲ್ಲ. ಅಲ್ಲಿ ‘ಮೀಡಿಯಾ ಅಂಡ್ ಡೇಟಾ ಇಂಟಿಗ್ರಿಟಿ ಎರರ್ಸ್’ ಸೊನ್ನೆಯಾಗಿರಬೇಕು. ಅದು ಸೊನ್ನೆಯಿದ್ದೂ 129 ಬರುತ್ತಿದ್ದರೆ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಶಂಕಿಸಿ: ನಿದ್ದೆಗೆ ಹೋದ ಎಸ್‌ಎಸ್‌ಡಿ ಕೆಲವೊಮ್ಮೆ ಕರೆದ ಕೂಡಲೇ ಏಳುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಎಂಬುದು ಕಂಡರೆ ಅದನ್ನು ಆಫ್ ಮಾಡಿ ಕೆಲವು ದಿನ ನೋಡಿ. ಎಸ್‌ಎಸ್‌ಡಿಯ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ಪ್ರೋಗ್ರಾಮಿಗೆ ಅಪ್‌ಡೇಟ್ ಇದ್ದರೆ ಅದನ್ನೂ ಹಾಕಿಕೊಳ್ಳಿ.

ಬಳಸುವವರ ಕೈಯಲ್ಲಿ ಏನೂ ಇಲ್ಲದ ಕಾರಣಗಳೂ ಇರುತ್ತವೆ ಎಂಬುದಕ್ಕೆ ಪ್ರೊಸೆಸರ್ ತಯಾರಿಸುವ ಎಎಂಡಿ ಕಂಪನಿಯ 2022ರ ಪ್ರಕರಣ ಒಳ್ಳೆಯ ಉದಾಹರಣೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಕಡ್ಡಾಯವಾದ ಮೇಲೆ, ಆ ಕಂಪನಿಯ ರೈಜನ್ ಪ್ರೊಸೆಸರ್ ಇರುವ ಕೆಲವು ಕಂಪ್ಯೂಟರುಗಳು ಗೊತ್ತುಗುರಿಯಿಲ್ಲದೆ ಆಗಾಗ ತಡವರಿಸುತ್ತಿವೆ ಎಂದು ಜನ ದೂರತೊಡಗಿದರು. ಪ್ರೊಸೆಸರಿನ ಫರ್ಮ್‌ವೇರಿನಲ್ಲಿರುವ ಟಿಪಿಎಂ, ಮದರ್‌ಬೋರ್ಡಿನ ಫ್ಲಾಶ್ ಚಿಪ್ಪಿನೊಂದಿಗೆ ವ್ಯವಹರಿಸುವಾಗ ಆಗುವ ವಿಳಂಬವೇ ಇದಕ್ಕೆ ಕಾರಣವೆಂದು ಕಂಪನಿಯೇ 2022ರ ಮಾರ್ಚಿನಲ್ಲಿ ಒಪ್ಪಿಕೊಂಡು, ಬಯಾಸ್ ಅಪ್‌ಡೇಟ್ ಮೂಲಕ ಪರಿಹಾರ ಕೊಡುವುದಾಗಿ ಹೇಳಿತು. ಎಷ್ಟು ಸಲ ಫಾರ್ಮ್ಯಾಟ್ ಮಾಡಿದ್ದರೂ ಅದು ಹೋಗುತ್ತಿರಲಿಲ್ಲ. ನಿಮ್ಮ ಲ್ಯಾಪ್‌ಟಾಪಿನ ತಯಾರಕರ ಜಾಲತಾಣದಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ಹೊಸ ಬಯಾಸ್ ಇದೆಯೇ ನೋಡಿ. ಹಾಕುವ ಮುನ್ನ ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿರಲಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ನಂತರ ಅದನ್ನು ಕೇಳಿದಾಗ ಕೈಯಲ್ಲಿಲ್ಲದಿದ್ದರೆ ನಿಮ್ಮ ಫೈಲುಗಳು ನಿಮಗೇ ಸಿಗುವುದಿಲ್ಲ.

ಬಿಸಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಪ್ರೊಸೆಸರ್ ಕಾದಾಗ ಮೊದಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ತೀರಾ ಮೀರಿದರೆ ಲ್ಯಾಪ್‌ಟಾಪ್ ಆಫ್ ಆಗುತ್ತದೆ. ನಿಂತು ಮತ್ತೆ ತಾನೇ ಸರಿಹೋಗುವುದು ಬಿಸಿಯ ಸಾಮಾನ್ಯ ಲಕ್ಷಣವಲ್ಲ. ಆದರೂ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಾಸಿಗೆಯ ಮೇಲಿಟ್ಟು ಬಳಸುವವರು ಫ್ಯಾನಿನ ಧೂಳು ತೆಗೆಸುವುದು ಒಳ್ಳೆಯದು. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ, ತಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ, ಬ್ಯಾಟರಿ ಊದಿಕೊಂಡಿರಬಹುದು. ಆ ಕ್ಷಣವೇ ಬಳಕೆ, ಚಾರ್ಜಿಂಗ್ ಎರಡನ್ನೂ ನಿಲ್ಲಿಸಿ ತಿಳಿದವರಿಗೆ ತೋರಿಸಿ. ಅದು ಬೆಂಕಿಯ ವಿಷಯ. ರ‍್ಯಾಮ್ ಅನುಮಾನವಿದ್ದರೆ ‘ವಿಂಡೋಸ್ ಮೆಮರಿ ಡಯಾಗ್ನಾಸ್ಟಿಕ್’ ಓಡಿಸಿ, ಸಾಧ್ಯವಾದರೆ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ.

ಇಷ್ಟಾದರೂ ದಾರಿ ಕಾಣದಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಇನ್ನೊಂದು ಪೆನ್‌ಡ್ರೈವಿಗೆ, ವಿಂಡೋಸಿನ ಬದಲು ಬಳಸಬಹುದಾದ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ ಒಂದು ದಿನ ಕೆಲಸ ಮಾಡಿ. ಅಲ್ಲೂ ನಿಂತರೆ ದೋಷ ವಿಂಡೋಸಿನದಲ್ಲ, ಡಿಸ್ಕಿನದಾಗಿರುವ ಸಂಭವವೂ ಕಡಿಮೆ. ನಿಲ್ಲದಿದ್ದರೆ ಹುಡುಕಾಟ ಡಿಸ್ಕು ಮತ್ತು ವಿಂಡೋಸ್ ಡ್ರೈವರುಗಳಿಗೆ ಸೀಮಿತವಾಗುತ್ತದೆ. ಯಾವ ಬದಲಾವಣೆಯನ್ನಾಗಲಿ ಒಂದೊಂದಾಗಿಯೇ ಮಾಡಿ. ದಿನಕ್ಕೆ ಎರಡು ಸಲ ಬರುತ್ತಿದ್ದ ತೊಂದರೆ ಒಂದು ದಿನ ಬರಲಿಲ್ಲವೆಂದು ಗುಣವಾಯಿತೆನ್ನಲಾಗದು. ಫಾರ್ಮ್ಯಾಟ್ ಮಾಡಿಸಿದ ಮೇಲೆ ನಿಮಗೂ ಒಂದು ವಾರ ಹಾಗೆಯೇ ಅನ್ನಿಸಿತ್ತು. ಕನಿಷ್ಠ ಎರಡು ವಾರ ಕಾದು ನೋಡಿ.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ ‘ಹ್ಯಾಂಗ್ ಆಗುತ್ತೆ, ನೋಡಿ’ ಎಂದು ಬಿಟ್ಟು ಬರಬೇಡಿ. ನಿಮ್ಮ ಹಾಳೆ, ಲಾಗಿನ ಸಂಬಂಧಪಟ್ಟ ಸಾಲುಗಳ ಫೋಟೊ, ಡಿಸ್ಕಿನ ಪಟ್ಟಿಯ ಫೋಟೊ, ಈ ಮೂರನ್ನೂ ಕೊಟ್ಟು, ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದೆಂದು ಸ್ವೀಕೃತಿ ಚೀಟಿಯಲ್ಲೇ ಬರೆಸಿಕೊಳ್ಳಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ಪಡೆಯಿರಿ. ಕೆಟ್ಟಿದ್ದರೂ ಅದರೊಳಗೆ ನಿಮ್ಮ ಆಧಾರ್, ಬ್ಯಾಂಕಿನ ಕಾಗದಪತ್ರಗಳು ಇನ್ನೂ ಇರುತ್ತವೆ.